ಹಸಿರು ಟವೆಲ್ಲು, ಹಳದಿ ಶಾಲು ಮತ್ತು ಕಿತ್ತೂರಿನ ಮತಪೆಟ್ಟಿಗೆ

ಕನ್ನಡದ ತರುಣ ಗೆಳೆಯರೇ,

ಬೆಳಗಾವಿ ಎಂದೊಡನೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ, ಬೇಡವೆನ್ನುವುದಿಲ್ಲ. ಎಂಇಎಸ್ ಪುಢಾರಿಗಳ ಹೆಸರು ನಿಮಗೆ ಬಾಯಿಪಾಠ. ಯಾವ ವರ್ಷ ಯಾವ ವೃತ್ತದಲ್ಲಿ ಯಾವ ಬಾವುಟ ಹಾರಿತು, ಯಾರು ಇಳಿಸಿದರು ಎಂಬುದೂ ಗೊತ್ತು. ಆದರೆ ಒಂದು ಸಣ್ಣ ಪ್ರಶ್ನೆ. 1983ರಿಂದ ಇಲ್ಲಿಯವರೆಗೆ ಕಿತ್ತೂರಿನಿಂದ ವಿಧಾನಸಭೆಗೆ ಹೋದವರು ಯಾರು ಯಾರು? ಬೈಲಹೊಂಗಲದಿಂದ ಯಾರು? ಸವದತ್ತಿಯಿಂದ? ರಾಮದುರ್ಗದಿಂದ?

ಗೊತ್ತಿಲ್ಲ. ಚೆನ್ನಮ್ಮನ ಹೆಸರು ಗೊತ್ತು, ರಾಯಣ್ಣನ ಹೆಸರು ಗೊತ್ತು. ಅವರ ನೆಲದ ಮತದಾರ ಇಂದು ಯಾರನ್ನು ಕಳಿಸುತ್ತಿದ್ದಾನೆ ಎಂಬುದು ಮಾತ್ರ ಗೊತ್ತಿಲ್ಲ. ನಮ್ಮ ಚಳವಳಿಯ ದೊಡ್ಡ ಕೊರತೆ ಇದು. ಇವತ್ತಿನ ಮಾತು ಅದರ ಬಗ್ಗೆಯೇ.

ಈ ನಾಲ್ಕು ತಾಲ್ಲೂಕುಗಳನ್ನು ಹಗುರಾಗಿ ಕಾಣಬೇಡಿ. ಬೆಳಗಾವಿ ಜಿಲ್ಲೆ ಕನ್ನಡದ ಜಿಲ್ಲೆ ಎಂದು ಎದೆ ತಟ್ಟಿ ಹೇಳುವಾಗ ನಮ್ಮ ಕಾಲ ಕೆಳಗಿರುವ ಗಟ್ಟಿ ನೆಲ ಇದು. ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಬೇಕು ಎಂದಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಗದ್ದಲವೆಲ್ಲ ನಡೆಯುವಾಗ ಮಲಪ್ರಭೆಯ ದಂಡೆಯ ರೈತ ತನ್ನ ಹೊಲದಲ್ಲಿ ಕನ್ನಡದಲ್ಲೇ ಬೈಯುತ್ತ, ಕನ್ನಡದಲ್ಲೇ ಹಾಡುತ್ತ ದುಡಿಯುತ್ತಿದ್ದ. ಅವನ ಭಾಷೆಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಅನುಮಾನ ಇಲ್ಲದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾವೂ ನೋಡಲಿಲ್ಲ.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. 37.73 ಟಿಎಂಸಿ ನೀರು ಹಿಡಿಯುವ ಜಲಾಶಯ. ಕಾಲುವೆ ಬಂತು. ಕಾಲುವೆಯ ಹಿಂದೆಯೇ ಅಭಿವೃದ್ಧಿ ಕರವೂ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರದ ನೋಟೀಸು ಮಾತ್ರ ಸರಿಯಾಗಿ ಮುಟ್ಟಿತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ರೈತರು ತಿರುಗಿಬಿದ್ದರು. ಗುಂಡೂರಾವ್ ಸರ್ಕಾರದ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಆ ಹೆಣಗಳ ಮುಂದೆ ನಿಂತು ನಾಡಿನ ರೈತ ಸಂಘಟಿತನಾದ. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, ಹಸಿರು ಟವೆಲ್ಲು ಹೆಗಲೇರಿತು.

ಎರಡು ವರ್ಷಕ್ಕೆ, 1982ರಲ್ಲಿ, ಗೋಕಾಕ್ ಚಳವಳಿ. ಡಾ. ರಾಜ್‌ಕುಮಾರ್ ಬೀದಿಗೆ ಇಳಿದರು, ಇಡೀ ನಾಡೇ ಬೀದಿಗೆ ಇಳಿಯಿತು. ನೀರಿನ ಸಿಟ್ಟು ಹಳ್ಳಿಯಲ್ಲಿ, ನುಡಿಯ ಸಿಟ್ಟು ಪಟ್ಟಣದಲ್ಲಿ. ಎರಡೂ ಒಂದೇ ಸರ್ಕಾರದ ಮೇಲೆ. 1983ರ ಜನವರಿಯಲ್ಲಿ ಫಲ ಬಂತು. ಗುಂಡೂರಾವ್ ಮನೆಗೆ ಹೋದರು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದರು. ಇದನ್ನು ಚೆನ್ನಾಗಿ ನೆನಪಿಡಿ, ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ.

ಆ ಚುನಾವಣೆಯಲ್ಲಿ ಕಿತ್ತೂರಿನಿಂದ ಜನತಾ ಪಕ್ಷದ ಡಿ.ಬಿ. ಇನಾಮದಾರ ಗೆದ್ದರು, 1985ರಲ್ಲಿ ಮತ್ತೆ ಗೆದ್ದರು. ಆಮೇಲೆ ಬಂತು 1989.

1989ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಬಿರುಗಾಳಿ. 224 ಸ್ಥಾನಗಳಲ್ಲಿ 178 ಅವರ ಪಾಲು. ದೊಡ್ಡ ದೊಡ್ಡ ಮರಗಳೇ ಬುಡಮೇಲಾದ ಆ ಗಾಳಿಯಲ್ಲಿ ಒಬ್ಬ ರೈತ ನೆಟ್ಟಗೆ ನಿಂತ. ಬೈಲಹೊಂಗಲ ಸೀಮೆಯ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು ರೈತ ಸಂಘದಿಂದ ಕಿತ್ತೂರಿನಲ್ಲಿ ನಿಂತು ಗೆದ್ದರು. ಅಷ್ಟೇ ಅಲ್ಲ, ಧಾರವಾಡ ಗ್ರಾಮಾಂತರದಲ್ಲೂ ನಿಂತು ಅಲ್ಲಿಯೂ ಗೆದ್ದರು! ಎರಡು ಕ್ಷೇತ್ರ, ಎರಡು ಜಿಲ್ಲೆ, ಒಬ್ಬನೇ ಮನುಷ್ಯ, ಒಂದೇ ಹಸಿರು ಟವೆಲ್ಲು. ಕಿತ್ತೂರು ಉಳಿಸಿಕೊಂಡು ಧಾರವಾಡ ಬಿಟ್ಟುಕೊಟ್ಟರು. ಅಲ್ಲಿನ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ವಿಧಾನಸಭೆಗೆ ಬಂದರು. ಮೈಸೂರು ಸೀಮೆಯ ಪ್ರೊಫೆಸರ್‌ ಒಬ್ಬರನ್ನು ಧಾರವಾಡದ ರೈತ ನಮ್ಮವ ಎಂದು ಆರಿಸಿ ಕಳಿಸಿದ. ಜಾತಿ ಬೇರೆ, ಸೀಮೆ ಬೇರೆ, ಮಾತಿನ ಧಾಟಿಯೂ ಬೇರೆ. ಉತ್ತರ ಕರ್ನಾಟಕ, ಹಳೆ ಮೈಸೂರು ಎಂದು ಗೆರೆ ಎಳೆಯುವ ಇವತ್ತಿನ ಪುಢಾರಿಗಳು ಈ ಒಂದು ಫಲಿತಾಂಶವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಏಕೀಕರಣ ಎಂದರೆ ನಕಾಶೆಯಲ್ಲ ಗೆಳೆಯರೇ, ಇದು.

ಮುಂದೇನಾಯಿತು? 1994ರಲ್ಲಿ ಕಿತ್ತೂರು ಮತ್ತೆ ಇನಾಮದಾರರ ಕೈಗೆ ಹೋಯಿತು. ಇಡೀ ರಾಜ್ಯದಲ್ಲಿ ರೈತ ಸಂಘಕ್ಕೆ ಸಿಕ್ಕಿದ್ದು ಒಂದೇ ಸ್ಥಾನ, ಪಾಂಡವಪುರದ ಪುಟ್ಟಣ್ಣಯ್ಯನವರದು. ನಂಜುಂಡಸ್ವಾಮಿಯವರಿಗೂ ಬಾಬಾಗೌಡರಿಗೂ ದಾರಿ ಬೇರೆಯಾಯಿತು. 1998ರಲ್ಲಿ ಬಾಬಾಗೌಡರು ಬಿಜೆಪಿಯಿಂದ ಬೆಳಗಾವಿ ಲೋಕಸಭೆಗೆ ನಿಂತು ಗೆದ್ದರು. ವಾಜಪೇಯಿ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿಯ ರಾಜ್ಯ ಸಚಿವರಾದರು. 1999ರ ಏಪ್ರಿಲ್‌ನಲ್ಲಿ ಒಂದೇ ಒಂದು ಮತದಿಂದ ಆ ಸರ್ಕಾರ ಬಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಬೆಳಗಾವಿಯನ್ನು ಕಾಂಗ್ರೆಸ್ಸಿನ ಅಮರಸಿಂಹ ಪಾಟೀಲರು ಗೆದ್ದುಕೊಂಡರು. 2021ರ ಮೇ ತಿಂಗಳಲ್ಲಿ ಬಾಬಾಗೌಡರು ತೀರಿಕೊಂಡರು.

ಸತ್ತವರನ್ನು ಹಳಿಯುವುದು ಈ ಪತ್ರಿಕೆಯ ಕೆಲಸವಲ್ಲ. ಅವರು ಪಕ್ಷ ಸೇರಿದ್ದು ತಪ್ಪೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವೂ ಅಲ್ಲ. 224 ಜನರ ಸಭೆಯಲ್ಲಿ ಇಬ್ಬರು ಎದ್ದು ಕೂಗಿದರೆ ಕಾಲುವೆಗೆ ನೀರು ಬರುತ್ತದೆಯೇ? ಅಧಿಕಾರದ ಪಡಸಾಲೆಗೆ ಹೋಗದೆ ಕೆಲಸ ಆಗುವುದಿಲ್ಲ ಎಂದು ಹೋರಾಟಗಾರನಿಗೆ ಒಂದು ದಿನ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ಪಾಪವಲ್ಲ. ಆದರೆ ಎರಡು ಗೆಲುವುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1989ರಲ್ಲಿ ಗಾಳಿ ಎದುರಿತ್ತು, ಬೆನ್ನಿಗೆ ಹಳ್ಳಿ ಇತ್ತು. ಗೆದ್ದರು. 1998ರಲ್ಲಿ ಬೆನ್ನಿಗೆ ಪಕ್ಷದ ಗಾಳಿ ಇತ್ತು. ಆಗಲೂ ಗೆದ್ದರು. ಒಂದೂವರೆ ವರ್ಷದೊಳಗೆ ಗಾಳಿ ತಿರುಗಿತು, ಸ್ಥಾನವೂ ಹೋಯಿತು. ಗಾಳಿ ಕೊಟ್ಟದ್ದನ್ನು ಗಾಳಿಯೇ ಒಯ್ಯುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. 1983ರಲ್ಲಿ ಒಂದೇ ದಿಕ್ಕಿಗೆ ನಡೆದ ಹಸಿರು ಟವೆಲ್ಲು ಮತ್ತು ಹಳದಿ ಶಾಲು ಆಮೇಲೆ ಒಂದರ ಮುಖ ಒಂದು ನೋಡಲಿಲ್ಲ. ರೈತ ಕಬ್ಬಿನ ಬಾಕಿ ಕೇಳಿ ಧರಣಿ ಕೂತರೆ ಕನ್ನಡ ಸಂಘಟನೆಗಳು ‘ಅದು ರೈತರ ವಿಷಯ’ ಎಂದವು. ಕನ್ನಡದ ಹುಡುಗ ಕೆಲಸ ಕೇಳಿದರೆ ರೈತರು ‘ಅದು ಪ್ಯಾಟಿಯವರ ವಿಷಯ’ ಎಂದರು. ಆ ಕನ್ನಡದ ಹುಡುಗ ಅದೇ ರೈತನ ಮಗ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಡೆದ ಮನೆಗೆ ಹೈಕಮಾಂಡ್ ಬಂದು ಕೂತಿತು.

ಈಗ ಇನಾಮದಾರರ ಲೆಕ್ಕ. 1983, 1985, 1994, 1999, 2013. ಮೂವತ್ತು ವರ್ಷಗಳ ಹರವಿನಲ್ಲಿ ಐದು ಗೆಲುವು. ಸೋತರೂ ಮತ್ತೆ ಎದ್ದು ಬಂದ ಮನುಷ್ಯ. ಜನತಾ ಪಕ್ಷದಿಂದ ಹೊರಟು ಕಾಂಗ್ರೆಸ್ಸಿಗೆ ಬಂದವರು. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಾಹಿತಿ ತಂತ್ರಜ್ಞಾನದ ಖಾತೆಯನ್ನೂ ನೋಡಿಕೊಂಡವರು. 2023ರ ಏಪ್ರಿಲ್‌ನಲ್ಲಿ, ಚುನಾವಣೆಯ ಕಾವಿನಲ್ಲೇ ತೀರಿಕೊಂಡರು.

ಮಾಹಿತಿ ತಂತ್ರಜ್ಞಾನದ ಖಾತೆ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದ ಸರೋಜಿನಿ ಮಹಿಷಿ ವರದಿ ಸರ್ಕಾರದ ಕೈಗೆ ಬಂದದ್ದು 1986ರಲ್ಲಿ. ಬೆಂಗಳೂರಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಹೊತ್ತಿನಲ್ಲಿ ಆ ಖಾತೆ ಇದ್ದದ್ದು ಚೆನ್ನಮ್ಮನ ಕಿತ್ತೂರಿನ ಶಾಸಕರ ಬಳಿ. ನಮ್ಮಲ್ಲಿ ಎಷ್ಟು ಜನ ಕಿತ್ತೂರಿಗೆ ಹೋಗಿ, ಅವರ ಮತದಾರರನ್ನು ಸೇರಿಸಿ, ‘ಸಾಹೇಬರೇ, ಮಹಿಷಿ ವರದಿ ಏನಾಯಿತು?’ ಎಂದು ಕೇಳಿಸಿದೆವು? ನಾವು ಬೆಂಗಳೂರಿನಲ್ಲಿ ಧಿಕ್ಕಾರ ಕೂಗಿದೆವು. ಮಂತ್ರಿಯ ಮತಪೆಟ್ಟಿಗೆ ಇದ್ದದ್ದು ಕಿತ್ತೂರಿನಲ್ಲಿ. ಬೆಂಗಳೂರಿನ ಧಿಕ್ಕಾರಕ್ಕೆ ಮಂತ್ರಿ ಹೆದರುವುದಿಲ್ಲ. ತನ್ನ ಊರಿನ ಕಟ್ಟೆಯ ಮೇಲಿನ ಒಂದು ಪ್ರಶ್ನೆಗೆ ಹೆದರುತ್ತಾನೆ.

ಉಳಿದ ಲೆಕ್ಕ ಬೇಗ ಮುಗಿಸುತ್ತೇನೆ. ಕಿತ್ತೂರಿನಲ್ಲಿ 2004 ಮತ್ತು 2008ರಲ್ಲಿ ಬಿಜೆಪಿಯ ಸುರೇಶ ಮಾರಿಹಾಳ, 2018ರಲ್ಲಿ ಬಿಜೆಪಿಯ ಮಹಾಂತೇಶ ದೊಡ್ಡಗೌಡರ, 2023ರಲ್ಲಿ ಕಾಂಗ್ರೆಸ್ಸಿನ ಬಾಬಾಸಾಹೇಬ ಪಾಟೀಲ. ಬೈಲಹೊಂಗಲದಲ್ಲಿ 2008ರಲ್ಲಿ ಬಿಜೆಪಿಯ ಜಗದೀಶ ಮೆಟಗುಡ್ಡ, 2013ರಲ್ಲಿ ಕೆಜೆಪಿಯ ಡಾ. ವಿಶ್ವನಾಥ ಪಾಟೀಲ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ. ಪರಸಗಡ ಎಂಬ ಹಳೆಯ ಹೆಸರು ಬಿಟ್ಟ ಸವದತ್ತಿ ಯಲ್ಲಮ್ಮ ಕ್ಷೇತ್ರದಲ್ಲಿ 2008, 2013, 2018 ಮೂರೂ ಬಾರಿ ಬಿಜೆಪಿಯ ಆನಂದ ಮಾಮನಿ. ಉಪಸಭಾಧ್ಯಕ್ಷರಾಗಿದ್ದಾಗಲೇ ಅವರು 2022ರಲ್ಲಿ ತೀರಿಕೊಂಡರು, 2023ರಲ್ಲಿ ಕಾಂಗ್ರೆಸ್ಸಿನ ವಿಶ್ವಾಸ ವೈದ್ಯ ಗೆದ್ದರು. ರಾಮದುರ್ಗದಲ್ಲಿ 2008, 2013ರಲ್ಲಿ ಕಾಂಗ್ರೆಸ್ಸಿನ ಅಶೋಕ ಪಟ್ಟಣ, 2018ರಲ್ಲಿ ಬಿಜೆಪಿಯ ಮಹಾದೇವಪ್ಪ ಯಾದವಾಡ, 2023ರಲ್ಲಿ ಮತ್ತೆ ಪಟ್ಟಣ.

ಈ ಪಟ್ಟಿ ಓದಿದಾಗ ಕಣ್ಣಿಗೆ ಬೀಳುವುದೇನು? ಇವರೆಲ್ಲರೂ ಕನ್ನಡಿಗರು. 2023ರಲ್ಲಿ ಜಿಲ್ಲೆಯ 18 ಸ್ಥಾನಗಳಲ್ಲಿ ಕಾಂಗ್ರೆಸ್ 11, ಬಿಜೆಪಿ 7 ಗೆದ್ದವು. ಎಂಇಎಸ್ ಸೊನ್ನೆ. 2018ರಲ್ಲೂ ಸೊನ್ನೆ. ಇದು ಸಂತೋಷದ ಸುದ್ದಿ. ಆದರೆ ಸಂತೋಷದ ಜೊತೆಗೆ ಒಂದು ನೆಪವೂ ನಮ್ಮ ಕೈ ತಪ್ಪಿತು. ಇನ್ನು ಮುಂದೆ ‘ಮರಾಠಿ ಪುಂಡರು ಅಡ್ಡ ಬಂದರು’ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಕನ್ನಡದ ಕೆಲಸ ಆಗದಿದ್ದರೆ ಅದನ್ನು ಮಾಡದೆ ಬಿಟ್ಟವರು ಕನ್ನಡಿಗರೇ. ಶಾಸಕ ಕನ್ನಡಿಗನೋ ಅಲ್ಲವೋ ಎಂಬ ಪರೀಕ್ಷೆ ಮುಗಿಯಿತು. ಕನ್ನಡಿಗ ಶಾಸಕ ಕನ್ನಡಕ್ಕೆ ಏನು ಮಾಡಿದ ಎಂಬ ಪರೀಕ್ಷೆ ಈಗ ಶುರು.

ಪ್ರಶ್ನೆಪತ್ರಿಕೆ ತಯಾರಿದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.90. 2020ರ ಫೆಬ್ರವರಿಯಲ್ಲಿ ರಾಜ್ಯಪತ್ರದಲ್ಲೂ ಬಂತು. ಆ ನೀರಿಗಾಗಿ ನಿಮ್ಮ ಶಾಸಕ ಸದನದಲ್ಲಿ ಎಷ್ಟು ಸಲ ಎದ್ದು ನಿಂತರು? 2021ರ ನವೆಂಬರ್‌ನಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಹೆಸರಿನ ಹಿಂದೆ ಎಷ್ಟು ದುಡ್ಡು ಬಂತು? 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂಬ ಮಸೂದೆಗೆ ಸಂಪುಟ ಒಪ್ಪಿತು. ಎರಡೇ ದಿನದಲ್ಲಿ ಕಂಪನಿಗಳ ಕೂಗಿಗೆ ಬೆದರಿ ತಡೆಹಿಡಿಯಿತು. ಆ ಎರಡು ದಿನ ಈ ನಾಲ್ಕು ಕ್ಷೇತ್ರಗಳ ಪ್ರತಿನಿಧಿಗಳು ಎಲ್ಲಿದ್ದರು, ಏನೆಂದರು? ನಿಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಎಷ್ಟು ಮಾಸ್ತರರು, ಎಷ್ಟು ಖಾಲಿ ಕುರ್ಚಿ?

2024ರ ಅಕ್ಟೋಬರ್‌ಗೆ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ವೇದಿಕೆ, ಮೆರವಣಿಗೆ, ಭಾಷಣ ಎಲ್ಲವೂ ಆಗುತ್ತವೆ. ಆಗಲಿ. ಆದರೆ ಚೆನ್ನಮ್ಮ 1824ರಲ್ಲಿ ಥ್ಯಾಕರೆಯ ಮುಂದೆ ಇಟ್ಟದ್ದು ಹಾರವನ್ನಲ್ಲ, ಪ್ರಶ್ನೆಯನ್ನು. ನಮ್ಮ ಸಂಸ್ಥಾನದ ವಾರಸುದಾರ ಯಾರೆಂದು ಹೇಳಲು ನೀನು ಯಾರು ಎಂಬ ಪ್ರಶ್ನೆ. ನಮ್ಮ ಕ್ಷೇತ್ರಕ್ಕೆ ಅಭ್ಯರ್ಥಿ ಯಾರೆಂದು ದಿಲ್ಲಿಯಲ್ಲಿ ಕೂತು ಹೇಳಲು ನೀವು ಯಾರು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಅಚ್ಚಿನ ಮನೆಯವನಾಗಿ ಒಂದು ಮಾತು. ಚುನಾವಣೆಯ ಕರಪತ್ರ, ಪೋಸ್ಟರ್ ಅಚ್ಚು ಹಾಕಿದರೆ ಅದರ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಕಲಮು ಹಾಗೆ ಹೇಳುತ್ತದೆ. ತಪ್ಪಿದರೆ ಆರು ತಿಂಗಳ ಜೈಲಿಗೂ ದಾರಿ ಇದೆ. ಅಂದರೆ ಕಾಗದಕ್ಕೆ ಮಸಿ ಹಚ್ಚಿದವನು ಜವಾಬ್ದಾರ. ಅದೇ ಕಾಗದದಲ್ಲಿ ನೀರು ತರುತ್ತೇನೆ, ಕೆಲಸ ಕೊಡಿಸುತ್ತೇನೆ ಎಂದು ಮಾತು ಕೊಟ್ಟವನಿಗೆ ಯಾವ ಕಲಮೂ ಇಲ್ಲ! ಆ ಕಲಮು ನೀವೇ ಆಗಬೇಕು. ಕರಪತ್ರವನ್ನು ಬಜ್ಜಿ ಕಟ್ಟಲು ಕೊಡಬೇಡಿ. ಎತ್ತಿಡಿ, ಐದು ವರ್ಷ ಎತ್ತಿಡಿ. ಮುಂದಿನ ಸಲ ಅದೇ ಮುಖ ಬಂದಾಗ ಅದೇ ಕಾಗದ ತೋರಿಸಿ.

ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿ ದುಡಿಯುತ್ತಿರುವ ಬೈಲಹೊಂಗಲದ, ರಾಮದುರ್ಗದ ಹುಡುಗರೇ, ನಿಮ್ಮ ಓಟು ಇನ್ನೂ ಊರಲ್ಲಿದೆಯೇ? ಇದ್ದರೆ ಆ ದಿನ ಬಸ್ಸು ಹತ್ತಿ. ಊರಿಗೆ ಹೋದಾಗ ಹಳದಿ ಶಾಲಿನ ಜೊತೆ ಅಪ್ಪನ ಹಸಿರು ಟವೆಲ್ಲನ್ನೂ ಹೆಗಲ ಮೇಲೆ ಹಾಕಿಕೊಳ್ಳಿ. ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂಬ ನಿಯಮ 2003ರಿಂದ ಇದೆ. ಅದನ್ನು ತೆಗೆದು ಕನ್ನಡದಲ್ಲಿ ಬಿಡಿಸಿ ಕಟ್ಟೆಯ ಮೇಲೆ ಓದಿ ಹೇಳಿ. ಹಿರಿಯರು ಕೇಳುತ್ತಾರೆ. ಅವರು 1989 ನೋಡಿದವರು.

ಎದುರಿನ ಗಾಳಿಯಲ್ಲೂ ತಮ್ಮವನನ್ನು ಗೆಲ್ಲಿಸುವ ಶಕ್ತಿ ಆ ಹಳ್ಳಿಗಳಿಗೆ ಇತ್ತು, ಇದೆ. ಇಲ್ಲದಿದ್ದದ್ದು ಗೆದ್ದವನ ಬೆನ್ನು ಹತ್ತಿ ಐದು ವರ್ಷವೂ ಲೆಕ್ಕ ಕೇಳುವ ಒಂದು ಗುಂಪು. ಆ ಗುಂಪು ಕಟ್ಟುವ ಕೆಲಸ ನಿಮ್ಮದು. ಜೈಕಾರ ಕೂಗಲು ಬೇರೆಯವರು ಬೇಕಾದಷ್ಟಿದ್ದಾರೆ.