ಎಂಟನೇ ದಿನದ ಫೋಟೊ ಯಾರೂ ಹಾಕಲ್ಲ

(1/3)

ಅಕ್ಟೋಬರ್ 2 ಬಂತು ಅಂದ್ರೆ ನಮ್ಮ ಫೀಡ್ ತುಂಬಾ ಕಸಬರಿಗೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಯಾವ ಊರಿನ ಫ್ರೆಂಡ್ಸ್ ಸ್ಟೋರಿ ತೆಗೆದ್ರೂ ಅದೇ. ಹೊಸ ಗ್ಲೌಸ್, ಒಂದು ಬ್ಯಾನರ್, ಆರು ಮಂದಿ ಸೇರಿ ಗುಡಿಸ್ತಿರೋ ಎರಡಡಿ ಜಾಗ, ಆಮೇಲೆ 'ಬಿಫೋರ್', 'ಆಫ್ಟರ್'. 2014ರಲ್ಲಿ ಸ್ವಚ್ಛ ಭಾರತ ಶುರುವಾದಾಗ ನಾವು ಪ್ರೈಮರಿ ಸಾಲೀಲಿದ್ವಿ. ಹಂಗಾಗಿ ನಮ್ಮ ಬ್ಯಾಚ್ ಬೆಳೆದದ್ದೇ ಈ ಫೋಟೊಗಳ ಜೊತೆ.

ಗೇಲಿ ಮಾಡ್ತಿಲ್ಲ ನಾನು. ರಜೆ ದಿನ ಬೆಳಿಗ್ಗೆ ಏಳಕ್ಕೆ ಎದ್ದು ಬರೋದೇ ದೊಡ್ಡದು, ಅದರಲ್ಲೂ ನಮ್ಮ ಕ್ಲಾಸಿನವರು! ನನ್ನ ತಕರಾರು ಬೇರೆ. ಬಿಕಾಂ ಓದೋರಿಗೆ ಇದು ಬೇಗ ತಿಳಿಯುತ್ತೆ. ಬ್ಯಾಲೆನ್ಸ್ ಶೀಟ್ ಒಂದು ದಿನದ ಚಿತ್ರ. ಮಾರ್ಚ್ 31ಕ್ಕೆ ಗಲ್ಲೆಯಲ್ಲಿ ಎಷ್ಟಿತ್ತು ಅಂತ ಹೇಳುತ್ತೆ, ವರ್ಷಪೂರ್ತಿ ಅಂಗಡಿ ಹೆಂಗೆ ನಡೀತು ಅಂತ ಹೇಳಲ್ಲ. 'ಆಫ್ಟರ್' ಫೋಟೊದ್ದೂ ಅದೇ ಕತೆ. ಕಸ ದಿನಾ ಬರೋ ವಸ್ತು: ಬೆಳಿಗ್ಗೆ ಚಹಾದ ಕಪ್ಪು, ಮಧ್ಯಾಹ್ನ ಗುಟ್ಕಾ ಪಾಕೀಟು, ಸಂತೆ ದಿನ ಸಂಜೆ ಕೊಳೆತ ಟೊಮೆಟೊ, ಕೊತ್ತಂಬರಿ ಕಡ್ಡಿ. ಗುಡಿಸಿದ ಎಂಟನೇ ದಿನ ಅದೇ ಮೂಲೆಗೆ ಹೋಗಿ ನೋಡಿ. ಆ ಫೋಟೊ ಯಾರೂ ಹಾಕಲ್ಲ.

ಇದಕ್ಕೆ ದಾಂಡೇಲಿ ಹುಡುಗರ ಹತ್ರ ರೆಡಿ ಉತ್ತರ ಒಂದಿದೆ: "ಎಲ್ಲಾ ಟೂರಿಸ್ಟ್ ಮಂದಿ ಮಾಡೋದಲೇ." ಅರ್ಧ ನಿಜ. ರಾಫ್ಟಿಂಗ್, ರೆಸಾರ್ಟ್ ಅಂತ ಬರೋರು ಗಣೇಶಗುಡಿ ರಸ್ತೆ ಬದಿ ಬಿಟ್ಟು ಹೋಗೋ ಬಾಟಲಿ ನಾವೆಲ್ಲಾ ನೋಡಿದೀವಿ. ಆದ್ರೆ ನಮ್ಮ ಓಣಿಯ ಕರೆಂಟ್ ಕಂಬದ ಬುಡಕ್ಕೆ ಗಂಟು ಕಟ್ಟಿದ ಕ್ಯಾರಿಬ್ಯಾಗ್ ಎಸೆಯೋಕೆ ಬೆಂಗಳೂರಿಂದ ಯಾರೂ ಬರಲ್ಲ. ಹಳಿಯಾಳದ ಒಳಗಿನ ಓಣಿಗೆ ಯಾವ ಟೂರಿಸ್ಟ್ ಬರ್ತಾನೆ ಹೇಳಿ.

(ಮುಂದಿನ ಪೋಸ್ಟ್ ನೋಡಿ)

(2/3)

ಎಂಟನೇ ದಿನವನ್ನ ಗಂಭೀರವಾಗಿ ತಗೊಂಡವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಲ್ಲಿ 2010ರಲ್ಲಿ 'ದಿ ಅಗ್ಲಿ ಇಂಡಿಯನ್' ಅಂತ ಒಂದು ಗುಂಪು ಹುಟ್ಟಿತು. ಹೆಸರು ಹೇಳ್ಕೊಳ್ಳಲ್ಲ, ಭಾಷಣ ಇಲ್ಲ. 'ಕಾಮ್ ಚಾಲೂ, ಮೂಹ್ ಬಂದ್' ಅಷ್ಟೇ. ಅವರು ಗುಡಿಸಿ ಹೋಗಿಬಿಡಲಿಲ್ಲ, ಇಲ್ಲೇ ಯಾಕೆ ಗಲೀಜಾಗುತ್ತೆ ಅಂತ ನೋಡಿದ್ರು. ಗೋಡೆಗೆ ಬಿಳಿ ಬಣ್ಣ, ಕೆಳಗೆ ಒಂದು ಪಟ್ಟಿ ಇಟ್ಟಿಗೆ ಬಣ್ಣ ಬಳಿದ್ರು. ಎಲೆ ಅಡಿಕೆ ಉಗುಳಿದ ಕಲೆ ಎದ್ದು ಕಾಣಬಾರದು ಅಂತ. ಕಸ ಬೀಳ್ತಿದ್ದ ಜಾಗದಲ್ಲಿ ಹೂಕುಂಡ ಇಟ್ರು. ಮಂಗಳೂರಲ್ಲಿ ರಾಮಕೃಷ್ಣ ಮಠದವರು 2015ರಲ್ಲಿ ಶುರು ಮಾಡಿದ್ದು ಭಾನುವಾರದ ಲೆಕ್ಕ. ಒಂದು ಭಾನುವಾರ ಅಲ್ಲ, ವರ್ಷಗಟ್ಟಲೆ ಭಾನುವಾರ.

ನಮ್ಮ ಓಣಿಯಲ್ಲೂ ಏಳು ಮಂದಿ ಸೇರಿ ಒಂದೇ ಒಂದು ಮೂಲೆ ಹಿಡ್ಕೊಂಡಿದೀವಿ. ಕಂಬದಿಂದ ಕಿರಾಣಿ ಅಂಗಡಿವರೆಗೆ, ಐವತ್ತು ಹೆಜ್ಜೆ ಇರಬಹುದು. ಎರಡು ಭಾನುವಾರ ಸುಮ್ನೆ ಎತ್ತಿದ್ವಿ. ಮೂರನೇ ವಾರ ಎತ್ತೋದು ಬಿಟ್ಟು, ಬೆಳಿಗ್ಗೆ ಐದೂವರೆಗೆ ಕಟ್ಟೆ ಮೇಲೆ ಕೂತು ಯಾರು ಹಾಕ್ತಾರೆ ಅಂತ ನೋಡಿದ್ವಿ. ದಿನಾ ಹಾಕೋರು ನಾಲ್ಕೇ ಮನೆ! ನಾಲ್ಕೂ ಮನೇಲಿ ಗಂಡ ಹೆಂಡತಿ ಇಬ್ರೂ ಬೇಗ ಕೆಲಸಕ್ಕೆ ಹೋಗೋರು. ಒಬ್ರು ಫಸ್ಟ್ ಶಿಫ್ಟು, ಇನ್ನೊಬ್ರು ಅಡುಗೆ ಕೆಲಸ. ಕಸದ ಗಾಡಿ ಬರೋದು ಎಂಟರ ಮೇಲೆ. ಆ ಹೊತ್ತಿಗೆ ಮನೆಗೆ ಬೀಗ. ಅವರು ಕಸವನ್ನ ಏನು ಮಾಡಬೇಕಿತ್ತು?

'ಸಂಸ್ಕಾರ ಇಲ್ಲದ ಮಂದಿ' ಅಂತ ಬೈಯೋ ಪೋಸ್ಟ್ ನೋಡಿದಾಗ ನಂಗೆ ಈ ನಾಲ್ಕು ಮನೆ ನೆನಪಾಗ್ತವೆ. ಪಕ್ಕದ ಮನೆ ಅಜ್ಜಿ ಇಡೀ ದಿನ ಮನೇಲೇ ಇರ್ತಾರೆ. ಅವರ ಹತ್ರ ಕೇಳಿದ್ವಿ. ಈಗ ನಾಲ್ಕೂ ಮನೆ ಬಕೆಟ್ ರಾತ್ರಿನೇ ಅಜ್ಜಿ ಕಟ್ಟೆಗೆ ಬರುತ್ತೆ, ಗಾಡಿ ಬಂದಾಗ ಅಜ್ಜಿ ಕೂಗ್ತಾರೆ, ನಮ್ಮಲ್ಲಿ ಮನೇಲಿದ್ದವರು ಎತ್ತಿ ಹಾಕ್ತೀವಿ. ಪರೀಕ್ಷೆ ಟೈಮಲ್ಲಿ ಎರಡು ವಾರ ಕೆಟ್ಟಿತ್ತು, ಮತ್ತೆ ಸರಿಯಾಯ್ತು. ಕಂಬದ ಬುಡ ಪೂರ್ತಿ ಸ್ವಚ್ಛ ಅಂತ ಹೇಳಲ್ಲ. ಮುಂಚೆ ದಿನಾ ಒಂದು ಗುಡ್ಡೆ, ಈಗ ವಾರಕ್ಕೆ ಎರಡು ಮೂರು ಬ್ಯಾಗು.

ಕಷ್ಟದ ಕೆಲಸ ಗುಡಿಸೋದಲ್ಲ. "ಕಾಕಾ, ಇಲ್ಲಿ ಹಾಕಬ್ಯಾಡ್ರಿ" ಅನ್ನೋದು. ದೊಡ್ಡ ಊರಲ್ಲಿ ಯಾರೂ ಯಾರಿಗೂ ಗೊತ್ತಿರಲ್ಲ, ಹೇಳಿ ನಡೀಬಹುದು. ಇಲ್ಲಿ ಆ ಕಾಕಾ ನಮ್ಮಪ್ಪನ ದೋಸ್ತ, ಸಂಜೆ ಅಷ್ಟೊತ್ತಿಗೆ ಮನೆಗೆ ಸುದ್ದಿ ಮುಟ್ಟಿರುತ್ತೆ. ಹಂಗಾಗಿ ಒಬ್ರೇ ಹೋಗಿ ಹೇಳಬೇಡಿ. ಇಬ್ರು ಮೂವರು ಹೋಗಿ, ಚಹಾ ಕುಡೀರಿ, ಗಾಡಿ ಯಾವಾಗ ಬರುತ್ತೆ ಅಂತ ಮಾತು ತೆಗೀರಿ.

(ಇನ್ನೊಂದೇ ಇದೆ)

(3/3)

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಶಾಲು ಹೊದಿಸ್ತೀವಿ. ಮರುದಿನ ಅನ್ನ, ಸಾರು, ಒಡೆದ ಗ್ಲಾಸು, ಬ್ಲೇಡು, ಬಳಸಿದ ಪ್ಯಾಡು ಎಲ್ಲಾ ಒಂದೇ ಚೀಲದಲ್ಲಿ ಕಟ್ಟಿ ಅದೇ ಅಕ್ಕನ ಕೈಗೆ ಕೊಡ್ತೀವಿ. ಹಸಿ ಕಸ, ಒಣ ಕಸ, ಅಪಾಯದ ಕಸ ಬೇರೆ ಬೇರೆ ಮಾಡಿ ಕೊಡಬೇಕು, ಪ್ಯಾಡನ್ನ ಸುತ್ತಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ರಸ್ತೆಗೆ ಎಸೆಯೋದು, ಸುಡೋದು ಎರಡೂ ತಪ್ಪು ಅಂತಲೂ ಇತ್ತು. ನೂರಕ್ಕಿಂತ ಹೆಚ್ಚು ಮಂದಿ ಸೇರೋ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಅನ್ನೋದೂ ಇತ್ತು. ಗಣಪತಿ ಪೆಂಡಾಲ್ ಹುಡುಗರೇ, ಕೇಳಿಸ್ತಾ?

"ನಾವು ಬೇರೆ ಮಾಡಿ ಕೊಟ್ರೂ ಗಾಡೀಲಿ ಒಂದೇ ಮಾಡ್ತಾರೆ" ಅಂತೀರಿ. ಕೆಲವು ಕಡೆ ಹಂಗೇ ಆಗುತ್ತೆ. ಅದನ್ನ ಒಂದು ಮನೆಯವರು ಕೇಳಿದ್ರೆ ಜಗಳ. ಇಪ್ಪತ್ತು ಮನೆಯವರು ಸಹಿ ಹಾಕಿ ಆಫೀಸಿಗೆ ಕೊಟ್ರೆ ಅರ್ಜಿ, ಅದಕ್ಕೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಗಾಡಿಯ ಟೈಮಿಂಗೂ ಅದರಲ್ಲೇ ಬರೀರಿ. ಇನ್ನೊಂದು ಮಾತು: ನಾವು ಫ್ರೀ ಆಗಿ ಗುಡಿಸ್ತೀವಿ ಅಂತ ಯಾರಾದ್ರೂ ಪೌರಕಾರ್ಮಿಕರ ಸಂಖ್ಯೆ ಕಡಿಮೆ ಮಾಡೋ ಮಾತಾಡಿದ್ರೆ ನಾನಂತೂ ಕಸಬರಿಗೆ ಕೆಳಗಿಡ್ತೀನಿ. 2022ರ ಜುಲೈನಲ್ಲಿ ಕಾಯಂ ಮಾಡಿ ಅಂತ ಅವರು ಕೆಲಸ ನಿಲ್ಲಿಸಿದ್ದು ನಾಲ್ಕು ದಿನ. ಅಷ್ಟಕ್ಕೇ ಸರ್ಕಾರ ಮಾತುಕತೆಗೆ ಬರಬೇಕಾಯ್ತು.

ಈಗಲೇ ಯಾಕೆ ಅಂದ್ರೆ, ಮಳೆ. ನಮ್ಮ ಕಡೆ ಮಳೆ ಹೆಂಗೆ ಬೀಳುತ್ತೆ ಗೊತ್ತಲ್ಲ. ಗಟಾರದ ಬಾಯಿಗೆ ನಾಲ್ಕು ಪ್ಲಾಸ್ಟಿಕ್ ಚೀಲ ಸಿಕ್ಕಿದ್ರೆ ನೀರು ರಸ್ತೆಗೆ. ಬಿಸಾಡಿದ ಕಪ್ಪು, ಎಳನೀರು ಬುರುಡೆಯಲ್ಲಿ ನಿಂತ ನೀರು ಸೊಳ್ಳೆಗೆ. 2024ರಲ್ಲಿ ಡೆಂಗಿಯನ್ನ ಸರ್ಕಾರ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆಯಾ? ಗಟಾರದಿಂದ ತಪ್ಪಿಸ್ಕೊಂಡದ್ದು ಕಾಳಿ ನದಿಗೆ, ಅಲ್ಲಿಂದ ಕಾರವಾರದ ಸಮುದ್ರಕ್ಕೆ.

ಬರೋ ಭಾನುವಾರ ಬೆಳಿಗ್ಗೆ 6:30ಕ್ಕೆ ನಾವು ಪಕ್ಕದ ಓಣಿಯ ಗಟಾರದ ಬಾಯಿ ನೋಡೋಕೆ ಹೋಗ್ತಿದೀವಿ. ದಾಂಡೇಲಿಯವರು ಬರೋದಾದ್ರೆ ಡಿಎಂ ಮಾಡಿ. ದಪ್ಪ ಗ್ಲೌಸ್, ಹಳೇ ಬೂಟು ತನ್ನಿ, ನೀರಿಗೆ ಸ್ಟೀಲ್ ಬಾಟಲಿ. ಹಳಿಯಾಳ, ಜೋಯಿಡಾ, ಮುಂಡಗೋಡದವರು ನಿಮ್ಮ ಊರಲ್ಲೇ ಐವತ್ತು ಹೆಜ್ಜೆ ಆರಿಸ್ಕೊಳ್ಳಿ. ಅಲ್ಲಿ ಯಾರು, ಎಷ್ಟು ಹೊತ್ತಿಗೆ, ಯಾಕೆ ಹಾಕ್ತಾರೆ ಅಂತ ಒಂದು ವಾರ ನೋಡಿ ಕಾಮೆಂಟಲ್ಲಿ ಬರೀರಿ, ಹೆಸರು ಬೇಡ. ಫೋಟೊ ಅದರ ಮುಂದಿನ ಭಾನುವಾರ ಹಾಕೋಣ.

#ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ #ಐವತ್ತುಹೆಜ್ಜೆ