ಛಾಯಾಚಿತ್ರಗಾರರೂ ಅವರ ಕಿರುಪರದೆಯೂ

ಸಂಪಾದಕೀಯ ಸ್ತಂಭದಲ್ಲಿ ಚರ್ಚಿಸತಕ್ಕಷ್ಟು ದೊಡ್ಡ ವಿಷಯವೇ ಇದು ಎಂದು ಕೆಲವು ವಾಚಕರು ಕೇಳಬಹುದು. ಆದರೆ ಹಿಡಕಲ್ ಜಲಾಶಯದ ದಂಡೆಯಲ್ಲಿ ಕೆಲವು ವರ್ಷಗಳ ಹಿಂದೆ ನಾವು ಕಣ್ಣಾರೆ ಕಂಡ ಸಂಗತಿಯನ್ನು ಅವರ ಮುಂದಿಟ್ಟರೆ, ಇದು ಅಲ್ಪ ವಿಷಯವಲ್ಲವೆಂಬುದು ಅವರಿಗೂ ಒಪ್ಪಿಗೆಯಾಗುವದೆಂದು ನಂಬಿದ್ದೇವೆ.

ಘಟಪ್ರಭಾ ನದಿಗೆ ಹುಕ್ಕೇರಿ ತಾಲೂಕಿನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯವು ಸುಮಾರು 51 ಟಿಎಂಸಿ ನೀರನ್ನು ಹಿಡಿದಿಡಬಲ್ಲುದು. ಅದರ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯವು ಬೇಸಿಗೆಯಲ್ಲಿ ನೀರು ತಗ್ಗಿದಾಗ ಮತ್ತೆ ಕಣ್ಣಿಗೆ ಬೀಳುವದು. ಅಂಥದೊಂದು ಬೇಸಿಗೆಯಲ್ಲಿ ನಮ್ಮ ಪತ್ರಿಕೆಯ ತರುಣ ಛಾಯಾಚಿತ್ರಗಾರನನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿದ್ದೆವು. ಮುಳುಗಿದ ಊರಿನಲ್ಲಿಯೇ ಹುಟ್ಟಿ ಬೆಳೆದ ವೃದ್ಧರೊಬ್ಬರು ಮೊಮ್ಮಗನ ಕೈಹಿಡಿದು ಕೆಸರಿನಲ್ಲಿ ನಡೆದುಬಂದರು. ಹೊಸ್ತಿಲ ಮುಂದೆ ನಿಂತು ರುಮಾಲು ತೆಗೆದರು. ಬಾಗಿ ಹಣೆಯನ್ನು ಆ ಕಲ್ಲಿಗೆ ಹಚ್ಚಿ ಕ್ಷಣಹೊತ್ತು ಹಾಗೆಯೇ ಉಳಿದರು. ನಾವು ನಮ್ಮ ತರುಣನ ಕಡೆಗೆ ತಿರುಗಿ ನೋಡಿದೆವು. ಅವನು ತಲೆ ತಗ್ಗಿಸಿ, ಬಿಸಿಲಿಗೆ ಅಂಗೈ ಮರೆಮಾಡಿ, ಅದೇ ಆಗ ತೆಗೆದ ಗೋಡೆಯ ಚಿತ್ರವು ಹೇಗೆ ಬಂದಿದೆಯೆಂದು ಕ್ಯಾಮರಾದ ಬೆನ್ನಿನ ಪರದೆಯಲ್ಲಿ ಪರೀಕ್ಷಿಸುತ್ತಿದ್ದನು! ಅವನು ತಲೆಯೆತ್ತುವಷ್ಟರಲ್ಲಿ ವೃದ್ಧರು ರುಮಾಲು ಸುತ್ತಿಕೊಳ್ಳುತ್ತಿದ್ದರು. “ಅಜ್ಜಾರ, ಇನ್ನೊಮ್ಮಿ ನಮಸ್ಕಾರ ಮಾಡ್ರಿ” ಎಂದು ಅವನು ಬೇಡಿಕೊಂಡನು. “ಒಮ್ಮಿ ಮಾಡೇನಲ್ಲೋ ತಮ್ಮಾ” ಎಂದು ಅವರು ನಕ್ಕು ನಡೆದುಬಿಟ್ಟರು. ಮರುದಿನದ ಸಂಚಿಕೆಯಲ್ಲಿ ಗೋಡೆಯ ಚಿತ್ರವು ಅಚ್ಚಾಯಿತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಮನುಷ್ಯನೊಬ್ಬನು ಮಾತ್ರ ಇರಲಿಲ್ಲ.

ಚಿತ್ರವೊಂದನ್ನು ತೆಗೆದ ಕೂಡಲೆ ಪರದೆಯನ್ನು ನೋಡುವ ಈ ಅಭ್ಯಾಸವು ನಮ್ಮ ತರುಣನೊಬ್ಬನದೇ ಅಲ್ಲ. ಅಮೆರಿಕದ ಪತ್ರಿಕಾ ಛಾಯಾಚಿತ್ರಗಾರರು ಇದಕ್ಕೆ ‘ಚಿಂಪಿಂಗ್’ ಎಂಬ ಹಾಸ್ಯದ ಹೆಸರನ್ನಿಟ್ಟಿದ್ದಾರೆ. ಪರದೆಯ ಮೇಲೆ ಬಾಗಿ ‘ಊ ಊ’ ಎಂದು ಹಿಗ್ಗುವವರು ಚಿಂಪಾಂಜಿಗಳಂತೆ ಕಾಣುವರೆಂಬುದೇ ಅದರ ಅರ್ಥ. ಹೆಸರು ನಗೆಯನ್ನು ತಂದರೂ ಅಭ್ಯಾಸದ ಫಲವು ನಗುವಂಥದಲ್ಲ.

ಈ ಅನುಕೂಲತೆಯು ಬಹು ಪುರಾತನವಾದುದಲ್ಲ. ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬವರು 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮರಾವನ್ನು ರಚಿಸಿದಾಗ, ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿದ್ದವು. ಬೆನ್ನಿಗೆ ಪರದೆಯುಳ್ಳ ಕ್ಯಾಮರಾವು ಸಾಮಾನ್ಯ ಜನರ ಕೈಗೆ ಬಂದುದು 1995ರಲ್ಲಿ, ಜಪಾನಿನ ಕ್ಯಾಸಿಯೋ ಸಂಸ್ಥೆಯ ಮೂಲಕ. ಅದಕ್ಕೂ ಮುಂಚಿನವರೆಲ್ಲರೂ ಬಹುತೇಕ ಕಾಣದೆಯೇ ಕೆಲಸ ಮಾಡಿದವರು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನದ ಚಿತ್ರಗಳನ್ನು ನಾವು ಇಂದಿಗೂ ಅಭಿಮಾನದಿಂದ ನೋಡುತ್ತೇವೆ. ಅವುಗಳನ್ನು ತೆಗೆದವರಿಗೆ, ಕತ್ತಲೆಯ ಕೋಣೆಯಲ್ಲಿ ತೊಳೆಯುವವರೆಗೆ, ತಮಗೆ ಏನು ದೊರೆತಿದೆಯೆಂಬುದು ತಿಳಿದಿರಲಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಇವರು ವನ್ಯಜೀವಿಗಳ ಚಿತ್ರಗಳಿಂದ ಕೀರ್ತಿ ಪಡೆದುದೂ ಫಿಲ್ಮಿನ ಕಾಲದಲ್ಲಿಯೇ. ಒಂದು ರೀಲಿಗೆ 36 ಚಿತ್ರಗಳು. ದೊಡ್ಡ ಅಳತೆಯ ಚೌಕ ಚಿತ್ರಗಳಾದರೆ 12 ಮಾತ್ರ. ಬೆಳಕನ್ನು ಮೊದಲು ಮನಸ್ಸಿನಲ್ಲಿ ತೂಗಿ, ಆಮೇಲೆ ಗುಂಡಿ ಒತ್ತುವದೇ ಅವರ ವಿದ್ಯೆಯಾಗಿದ್ದಿತು.

ಹಾಗೆಂದು ಹಳೆಯದೆಲ್ಲವೂ ಸುವರ್ಣಯುಗವೆಂದು ಹಾಡುವವರು ನಾವಲ್ಲ. 1990ರ ದಶಕದಲ್ಲಿ ನಮ್ಮ ಬಂಧುಗಳ ಮನೆಯ ಮದುವೆಯೊಂದರಲ್ಲಿ ರೀಲಿನ ತುದಿಯು ಸುರುಳಿಗೆ ಸಿಕ್ಕಿರಲೇ ಇಲ್ಲ. ಛಾಯಾಚಿತ್ರಗಾರನು ಅಕ್ಕಿಕಾಳಿನ ಹೊತ್ತಿನಿಂದ ಊಟದ ಪಂಕ್ತಿಯವರೆಗೆ ಗುಂಡಿ ಒತ್ತಿದ್ದೇ ಒತ್ತಿದ್ದು. ತೊಳೆದು ನೋಡಿದರೆ ಒಂದು ಚಿತ್ರವೂ ಇಲ್ಲ. ಮದುಮಗಳ ತಾಯಿಯು ಅತ್ತುದನ್ನು ನಾವು ಮರೆತಿಲ್ಲ. ಆ ದಿನ ಅವನ ಕೈಯಲ್ಲಿ ಈ ಕಿರುಪರದೆಯಿದ್ದರೆ ಮೊದಲ ಚಿತ್ರಕ್ಕೇ ದೋಷವು ತಿಳಿಯುತ್ತಿದ್ದಿತು. ಆದುದರಿಂದ ಪರದೆಯನ್ನು ನೋಡಲೇಬಾರದೆಂದು ಗುಡುಗುವ ಹಿರಿಯರ ಮಾತನ್ನು ನಾವು ಒಪ್ಪಲಾರೆವು. ಇದ್ದ ದೀಪವನ್ನು ಆರಿಸಿ ಕತ್ತಲೆಯಲ್ಲಿ ತಡವರಿಸುವದು ಶೌರ್ಯವಲ್ಲ.

ಹಾಗಾದರೆ ಎಷ್ಟು ಸಲ ನೋಡಬೇಕು? ಇದಕ್ಕೆ ಅಂಕಿಯ ಉತ್ತರವಿಲ್ಲ, ಹೊತ್ತಿನ ಉತ್ತರವಿದೆ. ಕಾರ್ಯಕ್ರಮವು ಆರಂಭವಾಗುವ ಮೊದಲು ಎರಡು ಮೂರು ಚಿತ್ರಗಳನ್ನು ತೆಗೆದು ಚೆನ್ನಾಗಿ ಪರೀಕ್ಷಿಸಬೇಕು. ಚಿತ್ರವನ್ನು ಹಿಗ್ಗಿಸಿ ಕಣ್ಣುರೆಪ್ಪೆಗಳು ಸ್ಪಷ್ಟವಾಗಿವೆಯೋ ಎಂದು ನೋಡಬೇಕು. ಚಪ್ಪರದ ನೆರಳಿನಿಂದ ಬಿಸಿಲಿಗೆ ಬಂದಾಗ, ಅಂದರೆ ಬೆಳಕು ಬದಲಾದಾಗ, ಮತ್ತೊಮ್ಮೆ ನೋಡಬೇಕು. ಎಲ್ಲರೂ ಕುಳಿತು ಎಲೆ ಹಾಕಿಕೊಂಡಾಗ ನಿಶ್ಚಿಂತೆಯಿಂದ ನೋಡಬಹುದು. ಆದರೆ ತಾಳಿ ಕಟ್ಟುವಾಗ, ಅಕ್ಷತೆ ಬೀಳುವಾಗ, ಅಣೆಕಟ್ಟಿನ ಬಾಗಿಲು ಮೇಲಕ್ಕೇಳುವಾಗ ನೋಡತಕ್ಕುದು ಎದುರಿನ ಜಗತ್ತನ್ನೇ ಹೊರತು ಬೆನ್ನಿನ ಪರದೆಯನ್ನಲ್ಲ. ಆಗ ತೆಗೆದ ಚಿತ್ರವು ಕೆಟ್ಟಿದ್ದರೆ, ನೋಡಿದುದರಿಂದ ಅದು ಸುಧಾರಿಸಲಾರದು; ಮುಂದಿನದು ಮಾತ್ರ ತಪ್ಪಿಹೋಗುವದು. ತೆಗೆದ ಪ್ರತಿಯೊಂದು ಚಿತ್ರವನ್ನೂ ತಾನಾಗಿಯೇ ತೋರಿಸುವ ಏರ್ಪಾಡನ್ನು ಕ್ಯಾಮರಾದಲ್ಲಿ ನಿಲ್ಲಿಸಿಬಿಡಬಹುದು. ಈ ಒಂದು ಕೆಲಸದಿಂದಲೇ ಅರ್ಧ ರೋಗವು ವಾಸಿಯಾಗುವದೆಂಬುದು ನಮ್ಮ ಅನುಭವ, ಬ್ಯಾಟರಿಯೂ ಉಳಿಯುವದು.

ಇದಲ್ಲದೆ, ಪರದೆಯು ಯಾವಾಗಲೂ ಸತ್ಯವನ್ನು ಹೇಳುವದೆಂದು ತಿಳಿಯಬಾರದು. ನಡುಹಗಲಿನ ಬಿಸಿಲಲ್ಲಿ ಒಳ್ಳೆಯ ಚಿತ್ರವೂ ಕಪ್ಪಾಗಿ ತೋರುವದು. ರಾತ್ರಿಯ ಕತ್ತಲೆಯಲ್ಲಿ ಮಂಕಾದ ಚಿತ್ರವೂ ಹೊಳೆಯುವದು. ಬೆಳಕಿನ ಹಂಚಿಕೆಯನ್ನು ಗೆರೆಯೆಳೆದು ತೋರಿಸುವ ‘ಹಿಸ್ಟೋಗ್ರಾಮ್’ ಎಂಬ ನಕ್ಷೆಯು ಅದೇ ಪರದೆಯಲ್ಲಿಯೇ ದೊರೆಯುವದು. ಆ ಗೆರೆಯು ಬಲತುದಿಗೆ ಒತ್ತಿ ನಿಂತಿದ್ದರೆ ಬಿಳಿಯ ಧೋತರದ ನೆರಿಗೆಗಳು ಅಳಿಸಿಹೋಗಿವೆಯೆಂದೂ, ಎಡತುದಿಗೆ ಒತ್ತಿದ್ದರೆ ಕಪ್ಪು ಕಂಬಳಿಯ ಎಳೆಗಳು ಕಾಣಲಾರವೆಂದೂ ತಿಳಿಯಬಹುದು. ಹತ್ತು ಸಲ ಚಿತ್ರವನ್ನು ಮೆಚ್ಚಿಕೊಳ್ಳುವದಕ್ಕಿಂತ ಒಂದು ಸಲ ಈ ನಕ್ಷೆಯನ್ನು ಓದುವದು ಲೇಸು.

ಹಿಡಕಲ್ಲಿನಿಂದ ಘಟಪ್ರಭೆಯ ಜೊತೆಗೆ ಕೆಳಗಿಳಿದರೆ ಧೂಪದಾಳದ ಕಟ್ಟೆಯೂ, 1974ರಲ್ಲಿ ಘೋಷಿತವಾದ ಪಕ್ಷಿಧಾಮವೂ ಸಿಗುವವು. ಚಳಿಗಾಲದಲ್ಲಿ ಪರದೇಶದಿಂದ ಬರುವ ಕ್ರೌಂಚಗಳ ಹಿಂಡು ಒಮ್ಮೆಲೆ ನೀರಿನಿಂದ ಮೇಲೇಳುವಾಗ ಯಾರ ಪರದೆಗೂ ಕಾಯುವದಿಲ್ಲ. ಇನ್ನೂ ಮುಂದೆ ಹೋದರೆ ಅದೇ ನದಿಯು ಗೋಕಾಕದಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುವದು. ಅಲ್ಲಿಯ ತೊಯ್ದ ಬಂಡೆಗಳ ಮೇಲೆ ಪರದೆಯಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆಯಿಡುವ ತರುಣರನ್ನು ಕಂಡು ನಮ್ಮ ಎದೆ ನಡುಗಿದೆ. ಅಲ್ಲಿ ತಪ್ಪಿಹೋಗುವದು ಕೇವಲ ಚಿತ್ರವಲ್ಲ, ಪ್ರಾಣ.

ತಪ್ಪೆಲ್ಲವನ್ನೂ ಛಾಯಾಚಿತ್ರಗಾರರ ತಲೆಗೆ ಕಟ್ಟುವದು ನ್ಯಾಯವಾಗದು. “ಹೆಂಗ ಬಂದೈತಿ, ತೋರಸ್ರಿ ನೋಡೋಣು” ಎಂದು ಮದುವೆಯ ಮನೆಯಲ್ಲಿ ಅವರನ್ನು ಸುತ್ತುಗಟ್ಟುವವರು ಯಾರು? ನಾವೇ, ನಮ್ಮ ಬೀಗರೇ. ಸಭೆಯು ಮುಗಿಯುವ ಮೊದಲೇ ಚಿತ್ರವನ್ನು ಕಳಿಸೆಂದು ಫೋನಿನಲ್ಲಿ ಅವಸರಪಡಿಸುವವರು ಯಾರು? ಪತ್ರಿಕೆಗಳವರು. ಹುನ್ನೂರಿನಲ್ಲಿ ಅಂದು ನಮ್ಮ ತರುಣನು ತಲೆ ತಗ್ಗಿಸಿದುದಕ್ಕೆ ನಾವೂ ಕಾರಣರಾಗಿದ್ದೆವು. ‘ಗೋಡೆಯ ಚಿತ್ರ ಸರಿಯಾಗಿ ಬಂತೇ?’ ಎಂದು ಅದೇ ಆಗ ಕೇಳಿದವರು ನಾವೇ. ಈ ತಪ್ಪನ್ನು ವಾಚಕರೆದುರು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಅಂದಿನಿಂದ ನಮ್ಮ ಕಾರ್ಯಾಲಯದಲ್ಲಿ ಒಂದು ನಿಯಮವನ್ನು ಮಾಡಿಕೊಂಡಿದ್ದೇವೆ: ಛಾಯಾಚಿತ್ರಗಾರನು ಕೆಲಸದಲ್ಲಿರುವಾಗ ಅವನನ್ನು ಯಾರೂ ಏನೂ ಕೇಳಕೂಡದು. ಮದುವೆ ಮಾಡುವ ಯಜಮಾನರೂ, ಸಭೆ ಕೂಡಿಸುವ ಮುಖಂಡರೂ ಇದನ್ನು ಪಾಲಿಸಿ ನೋಡಲಿ. ಛಾಯಾಚಿತ್ರಗಾರ ಬಂಧುಗಳಲ್ಲಿಯೂ ನಮ್ಮದೊಂದು ಬಿನ್ನಹ. ನಮ್ಮ ಮುಳುಗಿದ ಊರುಗಳನ್ನು ಕಂಡು ಬಲ್ಲ ಹಿರಿಯರು ವರುಷಕ್ಕೆ ಇಷ್ಟಿಷ್ಟೇ ಕಡಿಮೆಯಾಗುತ್ತಿದ್ದಾರೆ. ಅವರು ಹೊಸ್ತಿಲಿಗೆ ಬಾಗುವ ಹೊತ್ತಿಗೆ ನಿಮ್ಮ ತಲೆಯು ಮೇಲೆದ್ದಿರಲಿ. ತೆಗೆದುದನ್ನು ನೋಡಲಿಕ್ಕೆ ಸಂಜೆಯೆಲ್ಲಾ ಇದೆ.