ಸಾಕ್ಷಿಯೂ ಅಳತೆಗಾರನೂ ಒಬ್ಬನೇ ಅಲ್ಲ

ಕಲ್ಯಾಣವೆಂದರೆ ನಮ್ಮಲ್ಲಿ ಬಹುಪಾಲು ಮಂದಿಗೆ ಗಾಡಿ ಬದಲಿಸುವ ಜಂಕ್ಷನ್ ಅಷ್ಟೇ. ಅದೇ ಕಲ್ಯಾಣದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪರ ತಂಡ 32 ಲೋಹದ ಬಟ್ಟಲುಗಳನ್ನು ನಿಲ್ಲಿಸಿ, ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಅಳೆಯತೊಡಗಿತ್ತು. ಈ ನೆಲದಲ್ಲಿ ಎರಡು ಮೂರು ತಲೆಮಾರು ಬಾಳಿದ ಕನ್ನಡಿಗರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ನಮಗೂ ತೀರ ಈಚಿನವರೆಗೆ ಗೊತ್ತಿರಲಿಲ್ಲ. ಅದೇ ವರ್ಷ ಅದೇ ಸಂಸ್ಥೆಯ ಇನ್ನೊಂದು ತಂಡ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರೊಡನೆ ಕೂಡಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ಆ ತಂಡದಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ 1948ರಲ್ಲಿ ಮುಂಬಯಿಗೆ ಬಂದವರು, 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಬಾಳಿನ ಎರಡನೆಯ ಅಧ್ಯಾಯ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿ ಅವರು ವಿಜ್ಞಾನದ ತತ್ತ್ವಶಾಸ್ತ್ರ ಮತ್ತು ಪ್ರಜ್ಞೆಯ ಸ್ವರೂಪವನ್ನು ಕುರಿತು ಚಿಂತಿಸಿದರು, ಬರೆದರು. 2019ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಈಗ ನೆನೆಯಲು ಕಾರಣವಾದದ್ದು ಡೊಂಬಿವಲಿಯ ಒಂದು ಸಭಾಂಗಣದಲ್ಲಿ ನಾವು ಕೇಳಿದ ಉಪನ್ಯಾಸ. ಸಂಘದ ಹೆಸರೂ ಉಪನ್ಯಾಸಕರ ಹೆಸರೂ ಇಲ್ಲಿ ಬೇಡ. ಈ ಬಗೆಯ ಉಪನ್ಯಾಸ ಠಾಣೆಯಲ್ಲೂ ವಾಶಿಯಲ್ಲೂ ಕೇಳಿಬರುವಂಥದೇ. ಅದರ ಅಚ್ಚು ಎಲ್ಲರಿಗೂ ಪರಿಚಿತ. ಮೊದಲು ಎಲೆಕ್ಟ್ರಾನು ಎರಡು ಸೀಳುಗಳ ಮೂಲಕ ಹಾಯುವ ಪ್ರಯೋಗದ ವರ್ಣನೆ. ‘ನೋಡಿದರೆ ಕಣ, ನೋಡದಿದ್ದರೆ ಅಲೆ’ ಎಂಬ ಮಾತು. ನೋಡುವವನಿಲ್ಲದೆ ಜಗತ್ತಿಲ್ಲವೆಂದು ಕ್ವಾಂಟಂ ಭೌತಶಾಸ್ತ್ರ ಸಾಧಿಸಿದೆ ಎಂಬ ಘೋಷಣೆ. ಆ ನೋಡುವವನೇ ನಮ್ಮ ಉಪನಿಷತ್ತಿನ ಸಾಕ್ಷಿ ಎಂಬ ತೀರ್ಮಾನ. ಚಪ್ಪಾಳೆ. ಅಂದು ಹಿಂದಿನ ಸಾಲಿನಿಂದ ಹತ್ತನೆಯ ತರಗತಿಯ ವಯಸ್ಸಿನ ಹುಡುಗನೊಬ್ಬ ಎದ್ದು, ಮರಾಠಿ ಬೆರೆತ ಕನ್ನಡದಲ್ಲಿ, “ಮನುಷ್ಯನ ಬದಲು ಯಂತ್ರ ನೋಡಿದರೆ ಏನಾಗುತ್ತದೆ?” ಎಂದು ಕೇಳಿದ. ಉಪನ್ಯಾಸಕರು ನಕ್ಕು, ದೊಡ್ಡವನಾದ ಮೇಲೆ ತಿಳಿಯುತ್ತದೆ ಎಂದರು. ನಿರೂಪಕರು ಊಟಕ್ಕೆ ಹೊತ್ತಾಯಿತೆಂದು ಸಾರಿದರು. ನಾವೂ ಎದ್ದು ಕೈತೊಳೆಯಲು ಹೋದೆವು.

ಆ ಹುಡುಗ ಕೇಳಿದ್ದು ಕಳೆದ ನೂರು ವರ್ಷಗಳಲ್ಲಿ ಕ್ವಾಂಟಂ ಭೌತಶಾಸ್ತ್ರದ ತಾತ್ತ್ವಿಕರು ಕೇಳಿಕೊಂಡ ಪ್ರಶ್ನೆಯನ್ನೇ. ಅದಕ್ಕೆ ಉತ್ತರದ ಒಂದು ತುದಿ ಕೋಲಾರದ ಗಣಿಯಲ್ಲಿದೆ. ಅಲ್ಲಿನ ಕತ್ತಲಲ್ಲಿ ಕಣವೊಂದು ಹಾದಾಗ ಸಂವೇದಕಗಳು ಎಚ್ಚತ್ತು, ನಿಯಾನ್ ತುಂಬಿದ ಗಾಜಿನ ಕೊಳವೆಗಳು ಮಿನುಗಿ, ಕ್ಯಾಮೆರಾ ಆ ಮಿನುಗನ್ನು ಫಿಲ್ಮಿನ ಮೇಲೆ ಹಿಡಿದಿಡುತ್ತಿತ್ತು. ಆ ಕ್ಷಣದಲ್ಲಿ ಯಾವ ಕಣ್ಣೂ ಅದನ್ನು ನೋಡುತ್ತಿರಬೇಕಾಗಿರಲಿಲ್ಲ. ಫಿಲ್ಮನ್ನು ತೊಳೆದು ಯಾರಾದರೂ ದಿಟ್ಟಿಸುವವರೆಗೆ ಕಣವು ಹಾದದ್ದೂ ಹಾಯದ್ದೂ ಎರಡೂ ನಿಜವಾಗಿತ್ತೆಂದು ಆ ತಂಡದಲ್ಲಿ ಯಾರೂ ಲೆಕ್ಕ ಬರೆದಿಡಲಿಲ್ಲ. ಕ್ವಾಂಟಂ ಭೌತಶಾಸ್ತ್ರದ ಭಾಷೆಯಲ್ಲಿ ‘ವೀಕ್ಷಣೆ’ ಎಂದರೆ ಮೊದಲಿಗೆ ಇದೇ: ಸೂಕ್ಷ್ಮವಾದದ್ದೊಂದು ಸ್ಥೂಲವಾದ ಉಪಕರಣವನ್ನು ತಾಗಿ, ಅಳಿಸಲಾಗದ ಗುರುತನ್ನು ಉಳಿಸುವುದು. ನೀಲ್ಸ್ ಬೋರ್ ಇದನ್ನು ಮತ್ತೆ ಮತ್ತೆ ಒತ್ತಿ ಹೇಳಿದವನು.

ಪ್ರಜ್ಞೆಗೆ ಇಲ್ಲಿ ಪಾತ್ರವಿದೆಯೆಂದು ಗಂಭೀರವಾಗಿ ವಾದಿಸಿದವರು ಇಲ್ಲವೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಯೂಜೀನ್ ವಿಗ್ನರ್ 1961ರಲ್ಲಿ ಹಾಗೆ ವಾದಿಸಿದ. ಆತ ನೊಬೆಲ್ ಪಡೆದ ಭೌತವಿಜ್ಞಾನಿ, ಹುಡುಗಾಟದ ಮನುಷ್ಯನಲ್ಲ. ಆದರೆ ಅವನೇ ಮುಂದೆ ಆ ನಿಲುವನ್ನು ಕೈಬಿಟ್ಟ. ಅವನ ಮೊದಲರ್ಧವನ್ನಷ್ಟೇ ವೇದಿಕೆಗೆ ತಂದು, ಎರಡನೆಯರ್ಧವನ್ನು ರೈಲಿನಲ್ಲೇ ಮರೆತು ಬರುವುದು ನಮ್ಮ ಉಪನ್ಯಾಸಕರಿಗೆ ರೂಢಿಯಾಗಿದೆ.

ಇನ್ನು ಸಾಕ್ಷಿಯ ಮಾತು. ನಮ್ಮನ್ನು ಹೆಚ್ಚು ಕೆಣಕಿದ್ದು ಇದೇ. ಭೌತಶಾಸ್ತ್ರಕ್ಕಿಂತ ದೊಡ್ಡ ಅನ್ಯಾಯ ಇಲ್ಲಿ ವೇದಾಂತಕ್ಕೇ ಆಗುತ್ತಿದೆ. ಅದ್ವೈತದ ಸಾಕ್ಷಿ ನಿರ್ವಿಕಾರ. ಏನನ್ನೂ ಮಾಡುವವನಲ್ಲ, ಏನನ್ನೂ ಮುಟ್ಟುವವನಲ್ಲ. ದೀಪದ ಬೆಳಕಿನಲ್ಲಿ ನಾಟಕ ನಡೆಯುತ್ತದೆ, ನಾಟಕವನ್ನು ದೀಪ ಬದಲಿಸುವುದಿಲ್ಲ. ಕ್ವಾಂಟಂ ಲೋಕದ ಅಳತೆಗಾರನಾದರೋ ಮುಟ್ಟದೆ ಇರಲಾರದವನು. ಅಳೆಯಹೊರಟರೆ ಅಳೆಯಲ್ಪಡುವುದು ಮೊದಲಿನಂತೆ ಉಳಿಯದು ಎಂಬುದೇ ಅಲ್ಲಿನ ತೊಡಕಿನ ಮೂಲ. ಒಬ್ಬನ ಲಕ್ಷಣ ಅಸಂಗತ್ವ, ಇನ್ನೊಬ್ಬನ ಲಕ್ಷಣ ಸಂಗ. ಇವರಿಬ್ಬರನ್ನು ಒಂದೇ ಪೀಠದಲ್ಲಿ ಕೂರಿಸಬೇಕಾದರೆ ಶಾಂಕರಭಾಷ್ಯವನ್ನೂ ಓದಿರಬಾರದು, ಪ್ರಯೋಗಶಾಲೆಯನ್ನೂ ಕಂಡಿರಬಾರದು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ಪದಪದಕ್ಕೂ ಲೆಕ್ಕ ಒಪ್ಪಿಸಿದವರು. ಶಂಕರರ ಹೆಸರಿನಲ್ಲಿ ಹರಿದಾಡುತ್ತಿದ್ದುದನ್ನೆಲ್ಲ ಶಂಕರರದೆಂದು ಒಪ್ಪಲು ನಿರಾಕರಿಸಿ ಪಂಡಿತರೊಡನೆ ಜಗಳವಾಡಿದವರು. ಅಂಥ ಕನ್ನಡ ನಮಗಿರುವಾಗ, ಒಂದು ಇಂಗ್ಲಿಷ್ ಪದವನ್ನು ‘ಸಾಕ್ಷಿ’ ಎಂದು ಅನುವಾದಿಸಿ, ಆ ಅನುವಾದವನ್ನೇ ಪ್ರಮಾಣವೆಂದು ಮುಂದಿಡುವುದು ಎಂಥ ಬಡತನ! ‘ಶಕ್ತಿ’ ಎಂಬ ಪದಕ್ಕೂ ಇದೇ ಗತಿಯಾಗಿದೆ. ಪಠ್ಯಪುಸ್ತಕದ ಶಕ್ತಿಗೆ ಜೂಲ್ ಎಂಬ ಮಾನವಿದೆ. ನವರಾತ್ರಿಯ ಶಕ್ತಿಗೆ ಇಲ್ಲ. ಪದ ಒಂದೇ ಆದದ್ದು ಅನುವಾದಕರ ಅನುಕೂಲಕ್ಕೆ.

ಇಲ್ಲಿ ನಮಗೆ ಎದುರಾಡುವವರು ಎರಡು ಹೆಸರು ಹೇಳುತ್ತಾರೆ. ಮೊದಲನೆಯದು ಶ್ರೋಡಿಂಗರ್. ಆತ ವೇದಾಂತವನ್ನು ಪ್ರೀತಿಯಿಂದ ಓದಿದ್ದು ನಿಜ. 1925ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದದ್ದೂ ನಿಜ. ಮರುವರ್ಷ ಪ್ರಕಟವಾದ ಅವನ ಅಲೆಯ ಸಮೀಕರಣ ಮಾತ್ರ ಡಿ ಬ್ರಾಯ್‌ನ ಪ್ರೌಢಪ್ರಬಂಧ ಮತ್ತು ಹ್ಯಾಮಿಲ್ಟನ್‌ನ ಹಳೆಯ ಗಣಿತದ ದಾರಿಯಲ್ಲಿ ಬಂದದ್ದು. ಒಬ್ಬ ಮನುಷ್ಯನ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದರೆ ಒಂದು ಇನ್ನೊಂದನ್ನು ಹೆತ್ತಿತೆಂದು ಹೇಳಬರುವುದಿಲ್ಲ.

ಎರಡನೆಯ ಹೆಸರು ನಮಗೆ ಹತ್ತಿರದ್ದು. ವಾಶಿಯ ಸೇತುವೆಯ ಮೇಲೆ ಹಾರ್ಬರ್ ಗಾಡಿ ಸಾಗುವಾಗ ಕಾಣುವ ಟ್ರಾಂಬೆಯ ಗುಡ್ಡದ ಬದಿಯಲ್ಲಿ ದಶಕಗಳ ಕಾಲ ದುಡಿದ ರಾಜಾ ರಾಮಣ್ಣ. ತುಮಕೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಪರಮಾಣು ಬೀಜದ ಭೌತಶಾಸ್ತ್ರ ಕಲಿತು, ಭಾಭಾ ಅಣುಸಂಶೋಧನಾ ಕೇಂದ್ರದ ನಿರ್ದೇಶಕರಾಗಿ, ಪಿಯಾನೊ ನುಡಿಸುತ್ತ, ರಾಗ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯನ್ನು ಕುರಿತು ಪುಸ್ತಕ ಬರೆದವರು. ಮುಂದೆ ಶ್ರೀಕಂಠನ್ ಸೇರಿದ ಆ ಬೆಂಗಳೂರಿನ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. ಕ್ವಾಂಟಂ ಚಿಂತನೆಗೆ ಹೋಲುವುದನ್ನು ನಾಗಾರ್ಜುನನಲ್ಲಿ ಕಂಡು ತಮಗೆ ಹೆಮ್ಮೆಯಾಯಿತೆಂದು ರಾಮಣ್ಣ ತಮಗೆ ಹೇಳಿದ್ದರೆಂದು ದಲೈ ಲಾಮಾ ಹಲವು ಸಭೆಗಳಲ್ಲಿ ನೆನೆದಿದ್ದಾರೆ. ನಮ್ಮ ವೇದಿಕೆಗಳು ಈ ಒಂದು ಮಾತನ್ನು ಹಿಡಿದುಕೊಂಡಿವೆ.

ನಾವು ರಾಮಣ್ಣನವರಿಗೆ ತಲೆಬಾಗುತ್ತೇವೆ. ಈ ಹೆಮ್ಮೆಯನ್ನು ಮಾತ್ರ ಹಂಚಿಕೊಳ್ಳಲಾರೆವು. ನಾಗಾರ್ಜುನನ ಶೂನ್ಯತೆ, ವಸ್ತುವಿಗೆ ತನ್ನದೇ ಆದ ಸ್ವಭಾವವಿದೆಯೆಂಬ ನಂಬಿಕೆಯನ್ನು ತರ್ಕದಿಂದ ಕಳಚುವ ಕೆಲಸ. ಅದರ ಗುರಿ ದೃಷ್ಟಿಗಳಿಗೆ ಅಂಟಿಕೊಂಡ ಮನಸ್ಸಿನ ಬಿಡುಗಡೆ. ಕ್ವಾಂಟಂ ಸಿದ್ಧಾಂತ ಎಲೆಕ್ಟ್ರಾನಿನ ಕಾಂತಗುಣವನ್ನು ದಶಮಾಂಶದ ಹತ್ತಕ್ಕೂ ಹೆಚ್ಚು ಸ್ಥಾನಗಳವರೆಗೆ ಲೆಕ್ಕಹಾಕಿ, ಪ್ರಯೋಗದ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಒಂದು ಅಂಕಿ ತಪ್ಪಿದರೂ ಅದು ಉತ್ತರಿಸಬೇಕು. ನಾಗಾರ್ಜುನನಿಗೆ ಆ ಹೊಣೆಯಿಲ್ಲ, ಅವನು ಅದನ್ನು ಹೊರಲೂ ಇಲ್ಲ. ಇಬ್ಬರನ್ನೂ ಪಕ್ಕದಲ್ಲಿಟ್ಟು ಓದಿದರೆ ಒಬ್ಬರಿಂದ ಇನ್ನೊಬ್ಬರ ಮೇಲೆ ಬೆಳಕು ಬಿದ್ದೀತು. ‘ನಮ್ಮವರು ಮೊದಲೇ ಹೇಳಿದ್ದರು’ ಎಂದ ಕ್ಷಣ ಆ ಓದು ನಿಂತುಹೋಗುತ್ತದೆ. ಹೇಳಿಯಾಗಿದ್ದರೆ ಮತ್ತೆ ಓದುವುದೇಕೆ? ರಾಮಣ್ಣನವರಾದರೂ ದಶಕಗಳ ಕಾಲ ರಿಯಾಕ್ಟರುಗಳ ನಡುವೆ ದುಡಿದ ಮೇಲೆ ನಾಗಾರ್ಜುನನ ಬಳಿಗೆ ಬಂದವರು. ಅವರು ಹಾಗೆ ಬೆರಗಾಗಬಹುದು. ಎರಡನ್ನೂ ಓದದ ನಾವು ಅವರ ಬೆರಗನ್ನು ಸಾಲ ತಂದು ಮೆರೆಯುವುದು ನ್ಯಾಯವಲ್ಲ.

ಈ ಇಬ್ಬರ ಬಾಳಿನಲ್ಲೂ ಇನ್ನೊಂದು ಸಂಗತಿ ಕಾಣುತ್ತದೆ, ಅದು ಅಷ್ಟು ಹಿತವಾದದ್ದಲ್ಲ. ಇಬ್ಬರೂ ಹುಟ್ಟಿದ್ದು 1925ರಲ್ಲಿ, ಹೈಸನ್‌ಬರ್ಗ್ ಕ್ವಾಂಟಂ ಬಲವಿಜ್ಞಾನದ ಮೊದಲ ಲೇಖನ ಬರೆದ ವರ್ಷದಲ್ಲೇ. ಇಬ್ಬರೂ ತತ್ತ್ವಶಾಸ್ತ್ರಕ್ಕೆ ಪೂರ್ಣವಾಗಿ ತಿರುಗಿದ್ದು ದೊಡ್ಡ ಹುದ್ದೆಗಳ ಭಾರ ಇಳಿದ ಮೇಲೆ. ಶ್ರೀಕಂಠನ್ ಬೆಂಗಳೂರಿನ ಸಂಸ್ಥೆಗೆ ಬಂದದ್ದು 1992ರಲ್ಲಿ, ಅರವತ್ತೇಳರ ಸುಮಾರಿನಲ್ಲಿ. ನಮ್ಮ ದೇಶದ ಭೌತವಿಜ್ಞಾನಿಗೆ ತತ್ತ್ವಚಿಂತನೆ ಪಿಂಚಣಿಯ ಜೊತೆ ಸಿಗುವ ಸವಲತ್ತು. ಇದು ನಮ್ಮ ದೇಶಕ್ಕಷ್ಟೇ ಸೇರಿದ ರೋಗವೂ ಅಲ್ಲ. ಜಾನ್ ಬೆಲ್ 1964ರಲ್ಲಿ ಐನ್‌ಸ್ಟೈನನ ಒಂದು ತಾತ್ತ್ವಿಕ ಆಕ್ಷೇಪವನ್ನು ಅಳೆಯಬಹುದಾದ ಅಸಮತೆಯಾಗಿ ಬರೆದ. ಕ್ಲೌಸರ್ 1972ರಲ್ಲಿ ಫ್ರೀಡ್‌ಮನ್ ಜೊತೆಗೂಡಿ ಅದನ್ನು ಪ್ರಯೋಗಕ್ಕೆ ಒಡ್ಡಿದಾಗ ಬಹಳ ಜನ ಅದನ್ನು ಕಾಲಹರಣವೆಂದರು. ಕ್ಲೌಸರ್, ಆಸ್ಪೆ, ಜೈಲಿಂಗರ್ ಅವರಿಗೆ ನೊಬೆಲ್ ಬಂದದ್ದು 2022ರಲ್ಲಿ. ಬೆಲ್ ಆ ಹೊತ್ತಿಗೆ ತೀರಿಕೊಂಡು ಮೂವತ್ತೆರಡು ವರ್ಷವಾಗಿತ್ತು. ‘ಜಗತ್ತು ನಿಜವಾಗಿ ಹೇಗಿದೆ?’ ಎಂಬ, ಪರೀಕ್ಷೆಯಲ್ಲಿ ಅಂಕ ಬಾರದ ಪ್ರಶ್ನೆಯಿಂದ ಇಂದಿನ ಕ್ವಾಂಟಂ ತಂತ್ರಜ್ಞಾನದ ಒಂದು ಕವಲು ಹುಟ್ಟಿತು. ತತ್ತ್ವಶಾಸ್ತ್ರ ಭೌತಶಾಸ್ತ್ರಕ್ಕೆ ಏನು ಕೊಡಬಲ್ಲದೆಂದು ಯಾರಾದರೂ ಕೇಳಿದರೆ ನಾವು ಮೊದಲು ತೋರಿಸುವುದು ಇದನ್ನು. ಇದರಲ್ಲಿ ಯಾವ ಋಷಿಯನ್ನೂ ಎಳೆದು ತರಬೇಕಾಗಿ ಬರಲಿಲ್ಲ.

ಎರಡೂ ಶಾಸ್ತ್ರಗಳನ್ನು ಯೌವನದಲ್ಲೇ ಜೊತೆಯಾಗಿ ಹಿಡಿದವರೂ ನಮ್ಮ ಕಣ್ಣೆದುರಿಗಿದ್ದಾರೆ. ಸುಂದರ್ ಸಾರುಕ್ಕೈ ಭೌತಶಾಸ್ತ್ರ, ತತ್ತ್ವಶಾಸ್ತ್ರ ಎರಡರಲ್ಲೂ ತರಬೇತಿ ಪಡೆದವರು. ವಿಜ್ಞಾನದ ಭಾಷೆಯನ್ನು ಕುರಿತು, ಭಾರತೀಯ ತರ್ಕ ಮತ್ತು ವಿಜ್ಞಾನದ ತತ್ತ್ವಶಾಸ್ತ್ರವನ್ನು ಕುರಿತು ಪುಸ್ತಕಗಳನ್ನು ಬರೆದವರು. ನ್ಯಾಯ, ಬೌದ್ಧ ತಾರ್ಕಿಕರನ್ನು ಅವರು ಪೂರ್ವಜರ ಮೆರವಣಿಗೆಗಾಗಿ ಕರೆತರುವುದಿಲ್ಲ. ಹೇತು ಎಂದರೇನು, ಸಂಶಯ ಎಲ್ಲಿಂದ ಹುಟ್ಟುತ್ತದೆ ಎಂದು ಅವರೊಡನೆ ವಾದಿಸುತ್ತಾರೆ. ಮಣಿಪಾಲದಲ್ಲಿ 2010ರಲ್ಲಿ ಆರಂಭವಾದ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರದ ಸ್ಥಾಪಕ ನಿರ್ದೇಶಕರು ಅವರೇ. ನಮ್ಮಲ್ಲಿ ಬಹಳ ಮಂದಿಯ ಊರು ಉಡುಪಿಯ ಸುತ್ತಮುತ್ತಲಿನದು. ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಣಿಪಾಲದ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತೇವೆ, ಎಂಜಿನಿಯರಿಂಗ್ ಕಾಲೇಜನ್ನೂ ವೈದ್ಯಕೀಯ ಕಾಲೇಜನ್ನೂ ಬೆರಳೆತ್ತಿ ತೋರಿಸುತ್ತೇವೆ. ಅಷ್ಟಕ್ಕೆ ನಮ್ಮ ಬೆರಳು ದಣಿಯುತ್ತದೆ.

ಇಷ್ಟೆಲ್ಲ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯಿತು ಎಂದು ನಮ್ಮವರು ದೂರುವುದುಂಟು. ಆ ದೂರಿನಲ್ಲಿ ನಮಗೆ ಪಾಲಿಲ್ಲ. ಶ್ರೀಕಂಠನ್ ನಾಲ್ಕು ದಶಕಗಳ ಹತ್ತಿರ ಈ ಮಹಾನಗರದ ಸಂಸ್ಥೆಯಲ್ಲಿದ್ದರು. ನಮ್ಮ ಬಳಗದ ಹಿರಿಯರಾಗಲಿ ನಾವಾಗಲಿ ಅವರ ಬಳಿ ಹೋಗಿ, ಗಣಿಯ ಆಳದಲ್ಲಿ ನೀವು ಎಣಿಸಿದ್ದೇನು, ಎಣಿಸಿ ಮುಗಿಸಿದ ಮೇಲೆ ಪ್ರಜ್ಞೆಯ ಪ್ರಶ್ನೆ ಏಕೆ ಕಾಡಿತು ಎಂದು ಕನ್ನಡದಲ್ಲಿ ಕೇಳಲಿಲ್ಲ. ಕೇಳುವವರಿಲ್ಲದ ಭಾಷೆಯಲ್ಲಿ ಯಾರು ಉತ್ತರ ಹೇಳುತ್ತಾರೆ? ಭಾಷೆಗೆ ಕಸುವಿಲ್ಲವೆಂಬ ಮಾತು ಮೊದಲೇ ಸಲ್ಲದು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಕೂತು ಬರೆದರು. ಇದೇ ಮುಂಬಯಿಯಲ್ಲಿ ಯಶವಂತ ಚಿತ್ತಾಲರು ಪಾಲಿಮರ್ ವಿಜ್ಞಾನದಲ್ಲಿ ದುಡಿಯುತ್ತಲೇ ಕನ್ನಡದ ಕಥನವನ್ನು ಬೆಳೆಸಿದರು.

ಕಲ್ಯಾಣ ಎಂಬ ಹೆಸರು ಕೇಳಿದಾಗಲೆಲ್ಲ ನಮಗೆ ಇನ್ನೊಂದು ಕಲ್ಯಾಣ ನೆನಪಾಗುವುದು ಸಹಜ. ಆ ಕಲ್ಯಾಣದ ಅನುಭವ ಮಂಟಪವನ್ನು ನಮ್ಮ ಭಾಷಣಗಳಲ್ಲಿ ಜಗತ್ತಿನ ಮೊದಲ ಸಂಸತ್ತು ಎಂದು ಕೊಂಡಾಡುತ್ತೇವೆ. ಅಲ್ಲಿ ಅಲ್ಲಮ ಬಂದವರನ್ನು ಶಾಲು ಹೊದಿಸಿ ಕಳುಹಿಸಲಿಲ್ಲ, ಪ್ರಶ್ನೆ ಕೇಳಿ ಕಂಗೆಡಿಸಿದ. ಅದನ್ನು ಕೊಂಡಾಡಿ ಮುಗಿಸಿದ ಮರುಗಳಿಗೆ ಪ್ರಶ್ನೋತ್ತರವನ್ನು ಕೈಬಿಟ್ಟು ಊಟಕ್ಕೆ ಏಳುವ ಸಭೆ ನಮ್ಮದು.

ಆದ್ದರಿಂದ ಬಳಗದಲ್ಲಿ ಒಂದು ಸಲಹೆ ಇಟ್ಟಿದ್ದೇವೆ. ಕ್ವಾಂಟಂ ಭೌತಶಾಸ್ತ್ರದಲ್ಲಿ ಅಳತೆ ಎಂದರೇನು ಎಂಬ ಒಂದೇ ವಿಷಯ. ಒಂದು ಗಂಟೆ ಮಾತು, ಒಂದು ಗಂಟೆ ಪ್ರಶ್ನೆ. ಭೌತಶಾಸ್ತ್ರ ಬಲ್ಲವರೊಬ್ಬರು, ಭಾಷ್ಯ ಬಲ್ಲವರೊಬ್ಬರು, ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ. ಹಾರ, ಶಾಲು, ಸನ್ಮಾನಪತ್ರ ಬೇಡ. ವಾಶಿಯಿಂದ ಸೇತುವೆ ದಾಟಿದರೆ ಮಾನಖುರ್ದಿನಲ್ಲೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಭೌತಶಾಸ್ತ್ರದವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಜನ ಬರುವುದಿಲ್ಲ ಎಂದು ಖಜಾಂಚಿಗಳು ಆಗಲೇ ಹೇಳಿದ್ದಾರೆ. ಇಪ್ಪತ್ತು ಕುರ್ಚಿ ಸಾಕೆಂದು ನಾವು ಹೇಳಿದ್ದೇವೆ. ಅಂದು ಆ ಹುಡುಗನ ಹೆಸರು ಕೇಳಿಟ್ಟುಕೊಳ್ಳದೆ ಹೋದದ್ದು ನಮ್ಮ ತಪ್ಪು. ಡೊಂಬಿವಲಿಯ ಓದುಗರು ಯಾರಿಗಾದರೂ ಅವನ ಗುರುತಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಅವನಿಗಾಗಿ ತೆಗೆದಿಟ್ಟಿದೆ.